ಲ್ಯಾಬಿನ ಕಂಪ್ಯೂಟರುಗಳನ್ನು ಗುಜರಿಗೆ ಬರೆಯುವ ಮುನ್ನ

ಸರ್ಕಾರಿ ಪ್ರೌಢಶಾಲೆಗಳ ಮುಖ್ಯ ಶಿಕ್ಷಕರಿಗೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಸದಸ್ಯರಿಗೆ ಒಂದು ಬಹಿರಂಗ ಪತ್ರ



ನಿಮ್ಮ ಶಾಲೆಯ ದಾಸ್ತಾನು ವಹಿಯಲ್ಲಿ ಕಂಪ್ಯೂಟರುಗಳ ಮುಂದೆ ‘ನಿರುಪಯುಕ್ತ’ ಎಂಬ ಷರಾ ಬರೆಯುವ ಮುನ್ನ ಈ ಪತ್ರವನ್ನು ಒಮ್ಮೆ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಆ ಷರಾ ಬೀಳುವ ಹೊತ್ತಿಗೆ ಎಷ್ಟೋ ಯಂತ್ರಗಳು ಇನ್ನೂ ಚಾಲೂ ಸ್ಥಿತಿಯಲ್ಲೇ ಇರುತ್ತವೆ. ಅವುಗಳ ಮೇಲಿರುವ ದೂರು ಒಂದೇ, ತೀರಾ ಸ್ಲೋ ಎಂಬುದು. ಸ್ವಿಚ್ ಹಾಕಿದ ಮೇಲೆ ಡೆಸ್ಕ್‌ಟಾಪ್ ಕಾಣಿಸಲು ಐದು ನಿಮಿಷ, ಬ್ರೌಸರ್ ತೆರೆಯಲು ಇನ್ನೆರಡು ನಿಮಿಷ, ನಡುವೆ ಪರದೆ ಬೆಳ್ಳಗಾಗಿ ಮೌಸು ಸುತ್ತುತ್ತಾ ನಿಲ್ಲುವುದು. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಕಾಲು ಭಾಗ ಹೀಗೆ ಕಾಯುವುದರಲ್ಲೇ ಹೋದರೆ ಮಕ್ಕಳನ್ನು ಲ್ಯಾಬಿಗೆ ಕರೆದೊಯ್ಯುವ ಹುಮ್ಮಸ್ಸು ಯಾವ ಶಿಕ್ಷಕರಿಗೂ ಉಳಿಯುವುದಿಲ್ಲ. ಲ್ಯಾಬಿನ ತರಗತಿ ವಾರಕ್ಕೊಂದಾಗಿ, ತಿಂಗಳಿಗೊಂದಾಗಿ, ಕೊನೆಗೆ ಬಾಗಿಲಿಗೆ ಬೀಗ ಬೀಳುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಗುವಿಗೆ ಕೀಬೋರ್ಡ್ ಮುಟ್ಟುವ ಒಂದೇ ಅವಕಾಶವೂ ಅಲ್ಲಿಗೆ ಮುಗಿಯುತ್ತದೆ. ಈ ನಷ್ಟ ತಪ್ಪಿಸಬಹುದಾದದ್ದು, ಅದೂ ಕಡಿಮೆ ಖರ್ಚಿನಲ್ಲಿ, ಎಂಬುದು ನನ್ನ ವಾದ. ಕಂಪ್ಯೂಟರ್ ನಿಧಾನವಾಗಿದೆ ಎಂದರೆ ಅದರೊಳಗೆ ಯಾವುದೋ ಒಂದು ಕಡೆ ಕೆಲಸ ಕಟ್ಟಿಕೊಂಡಿದೆ ಎಂದರ್ಥ. ಆ ಜಾಗ ಯಾವುದೆಂದು ಕಂಡುಕೊಳ್ಳದೆ ಇಡೀ ಯಂತ್ರವನ್ನು ಎಸೆಯುವುದು ಸಾರ್ವಜನಿಕರ ಹಣಕ್ಕೂ ಮಕ್ಕಳ ಕಲಿಕೆಗೂ ಮಾಡುವ ಅನ್ಯಾಯ.

ಕೆಲಸ ಕಟ್ಟಿಕೊಳ್ಳಬಹುದಾದ ಜಾಗಗಳು ಮುಖ್ಯವಾಗಿ ನಾಲ್ಕು. ಲೆಕ್ಕ ಮಾಡುವ ಪ್ರೊಸೆಸರ್, ಸದ್ಯಕ್ಕೆ ಬೇಕಾದದ್ದನ್ನು ಕೈಗೆಟಕುವಂತೆ ಇಟ್ಟುಕೊಳ್ಳುವ ರ‍್ಯಾಮ್, ಎಲ್ಲವನ್ನೂ ಕೂಡಿಡುವ ಡಿಸ್ಕ್, ಹೊರಗಿನಿಂದ ಮಾಹಿತಿ ತರುವ ಇಂಟರ್‌ನೆಟ್. ಒಂದು ಹಿಂದೆ ಬಿದ್ದರೆ ಉಳಿದ ಮೂರೂ ಅದಕ್ಕಾಗಿ ಕಾಯುತ್ತವೆ. ಎದುರು ಕೂತವರಿಗೆ ಮಾತ್ರ ಯಾವುದು ಕಾಯಿಸುತ್ತಿದೆ ಎಂದು ಗೊತ್ತಾಗುವುದಿಲ್ಲ. ಅದನ್ನು ತೋರಿಸುವ ಉಪಕರಣ ವಿಂಡೋಸ್‌ನಲ್ಲೇ ಇದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ನಾಲ್ಕೂ ಎಷ್ಟೆಷ್ಟು ದುಡಿಯುತ್ತಿವೆ ಎಂಬುದು ಕಾಣುತ್ತದೆ. ಯಂತ್ರ ತಡವರಿಸುತ್ತಿರುವ ಹೊತ್ತಿನಲ್ಲೇ ಈ ಪುಟವನ್ನು ನೋಡಬೇಕು. ಹಳೆಯ ಲ್ಯಾಬ್ ಯಂತ್ರಗಳಲ್ಲಿ ಆಗ ಕಾಣುವ ದೃಶ್ಯ ಬಹುಮಟ್ಟಿಗೆ ಒಂದೇ ಬಗೆಯದು: ಸಿಪಿಯು ಹತ್ತೋ ಹದಿನೈದೋ ಶೇಕಡಾದಲ್ಲಿ ಆರಾಮವಾಗಿರುತ್ತದೆ, ಡಿಸ್ಕ್ ಮಾತ್ರ 100ಕ್ಕೆ ಏರಿ ಅಲ್ಲೇ ನಿಂತಿರುತ್ತದೆ. ಇನ್ನೂ ಒಂದು ಸಂಗತಿಯನ್ನು ಗಮನಿಸಿ. ಡಿಸ್ಕ್ ನೂರಕ್ಕೆ ನೂರು ದುಡಿಯುತ್ತಿದ್ದರೂ ಅದು ಓದುತ್ತಿರುವ ವೇಗ ಸೆಕೆಂಡಿಗೆ ಒಂದೆರಡು ಎಂಬಿಯಷ್ಟೇ ಎಂದು ಅದೇ ಪುಟದ ಕೆಳಗೆ ಬರೆದಿರುತ್ತದೆ. ಇಷ್ಟು ದುಡಿದು ಇಷ್ಟೇ ಕೆಲಸ ಹೇಗೆ?

ಉತ್ತರ ಹಾರ್ಡ್ ಡಿಸ್ಕಿನ ರಚನೆಯಲ್ಲೇ ಇದೆ. ಅದರೊಳಗೆ ತಿರುಗುವ ತಟ್ಟೆಗಳಿವೆ, ಅವುಗಳ ಮೇಲೆ ಆಚೀಚೆ ಸರಿಯುವ ತೋಳಿದೆ. ಡೆಸ್ಕ್‌ಟಾಪ್ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು ಹಾಕುತ್ತದೆ, ಅಂದರೆ ಸೆಕೆಂಡಿಗೆ 120. ಒಂದು ಸುತ್ತಿಗೆ ಎಂಟು ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು. ಬೇಕಾದ ಮಾಹಿತಿ ತಟ್ಟೆಯ ಯಾವ ಭಾಗದಲ್ಲಾದರೂ ಇರಬಹುದಾದ್ದರಿಂದ ಸರಾಸರಿ ಅರ್ಧ ಸುತ್ತು ಕಾಯಬೇಕು, ಅದು ನಾಲ್ಕು ಮಿಲಿಸೆಕೆಂಡ್. ಅದಕ್ಕೂ ಮೊದಲು ತೋಳು ಸರಿಯಾದ ವೃತ್ತಕ್ಕೆ ಸರಿಯಲು ಎಂಟೊಂಬತ್ತು ಮಿಲಿಸೆಕೆಂಡ್. ಒಂದು ಪುಟ್ಟ ತುಣುಕನ್ನು ಓದಲು ಹೀಗೆ ಹನ್ನೆರಡು ಹದಿಮೂರು ಮಿಲಿಸೆಕೆಂಡ್ ಹೋದರೆ ಸೆಕೆಂಡಿಗೆ ಓದಬಹುದಾದದ್ದು ಎಂಬತ್ತು, ಹೆಚ್ಚೆಂದರೆ ನೂರು ತುಣುಕು. ಪ್ರತಿ ತುಣುಕು 4 ಕೆಬಿ ಎಂದು ಹಿಡಿದರೆ ಒಟ್ಟು 400 ಕೆಬಿ. ದೊಡ್ಡದೊಂದು ಸಿನಿಮಾ ಫೈಲನ್ನು ಸಾಲಾಗಿ ಓದುವಾಗ ಇದೇ ಡಿಸ್ಕು ಸೆಕೆಂಡಿಗೆ ನೂರು ಎಂಬಿ ದಾಟಬಲ್ಲದು. ಚದುರಿದ ಸಣ್ಣ ಸಣ್ಣ ಫೈಲುಗಳನ್ನು ಹೆಕ್ಕುವಾಗ ಮಾತ್ರ ಸೋಲುತ್ತದೆ. ವಿಂಡೋಸ್ ಶುರುವಾಗುವಾಗ, ಬ್ರೌಸರ್ ತೆರೆಯುವಾಗ ನಡೆಯುವುದು ಹೆಚ್ಚಾಗಿ ಈ ಹೆಕ್ಕುವ ಕೆಲಸವೇ. ಅಂಥ 20,000 ಓದುಗಳಿವೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ನೂರರಂತೆ 200 ಸೆಕೆಂಡ್, ಅಂದರೆ ಮೂರು ನಿಮಿಷ ಇಪ್ಪತ್ತು ಸೆಕೆಂಡ್. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಎಂಬ ಬಗೆಯ ಡಿಸ್ಕು, ಅದರಲ್ಲೂ ಸಾಧಾರಣ ದರ್ಜೆಯದೇ, ಸೆಕೆಂಡಿಗೆ ಇಂಥ 5,000 ಓದುಗಳನ್ನು ಸಲೀಸಾಗಿ ಮುಗಿಸುತ್ತದೆ. ಅದೇ ಕೆಲಸಕ್ಕೆ ನಾಲ್ಕು ಸೆಕೆಂಡ್. ಪ್ರೊಸೆಸರ್ ತಲೆಮಾರುಗಳ ನಡುವೆ ಇಷ್ಟು ಅಂತರ ಎಲ್ಲಿಯೂ ಇಲ್ಲ. ಹತ್ತು ವರ್ಷ ಹಳೆಯ ಐ3 ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿದರೆ ದಿನನಿತ್ಯದ ಕೆಲಸದಲ್ಲಿ ಅದು ಹಾರ್ಡ್ ಡಿಸ್ಕ್ ಇರುವ ಹೊಸ ಯಂತ್ರವನ್ನು ಹಿಂದಿಕ್ಕುವುದು ಈ ಕಾರಣಕ್ಕೆ.

‘ಮೊದಲು ಇದೇ ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿತ್ತಲ್ಲ, ಡಿಸ್ಕ್ ಆಗಲೂ ಇದೇ ಇತ್ತಲ್ಲ’ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಡಿಸ್ಕ್ ಬದಲಾಗದಿದ್ದರೂ ಅದರ ಮೇಲಿನ ಹೊರೆ ಬದಲಾಗಿದೆ. ವಿಂಡೋಸ್ 7 ಬಂದದ್ದು 2009ರಲ್ಲಿ. ಹಾರ್ಡ್ ಡಿಸ್ಕೇ ಸರ್ವಸಾಮಾನ್ಯವಾಗಿದ್ದ ಕಾಲದ ವ್ಯವಸ್ಥೆ ಅದು. 2015ರಲ್ಲಿ ಬಂದ ವಿಂಡೋಸ್ 10 ಹಿನ್ನೆಲೆಯಲ್ಲಿ ತನ್ನಷ್ಟಕ್ಕೆ ಮಾಡುವ ಕೆಲಸಗಳ ಹೊರೆ ಹೆಚ್ಚು: ಅಪ್‌ಡೇಟ್ ಹುಡುಕುವುದು, ವೈರಸ್ ತಪಾಸಣೆ, ಫೈಲುಗಳ ಸೂಚಿ ತಯಾರಿಸುವುದು, ಮುಂದೆ ಬೇಕಾಗಬಹುದೆಂದು ಪ್ರೋಗ್ರಾಮುಗಳನ್ನು ಮೊದಲೇ ರ‍್ಯಾಮಿಗೆ ತುಂಬುವುದು. ದಿನವೂ ಚಾಲೂ ಇರುವ ಕಚೇರಿ ಯಂತ್ರದಲ್ಲಿ ಇವೆಲ್ಲ ಯಂತ್ರ ಸುಮ್ಮನಿರುವ ಹೊತ್ತಿನಲ್ಲಿ ಮುಗಿಯುತ್ತವೆ. ಶಾಲೆಯ ಲ್ಯಾಬಿನ ಪರಿಸ್ಥಿತಿಯೇ ಬೇರೆ. ಏಪ್ರಿಲ್ ಮೇ ರಜೆಯಲ್ಲಿ ಮುಚ್ಚಿದ ಯಂತ್ರಗಳನ್ನು ಜೂನ್‌ನಲ್ಲಿ ಒಂದೇ ದಿನ, ಒಂದೇ ಪೀರಿಯಡ್ಡಿನಲ್ಲಿ, ಎಲ್ಲವನ್ನೂ ಒಟ್ಟಿಗೆ ಆನ್ ಮಾಡಲಾಗುತ್ತದೆ. ಎರಡು ತಿಂಗಳ ಬಾಕಿ ಕೆಲಸಗಳೆಲ್ಲ ಅದೇ ಕ್ಷಣಕ್ಕೆ ಮುಗಿಬೀಳುತ್ತವೆ, ಒಂದೇ ಇಂಟರ್‌ನೆಟ್ ಸಂಪರ್ಕವನ್ನು ಹತ್ತಿಪ್ಪತ್ತು ಯಂತ್ರಗಳು ಹಂಚಿಕೊಂಡು ಅಪ್‌ಡೇಟ್ ಇಳಿಸತೊಡಗುತ್ತವೆ. ಅರ್ಧ ಗಂಟೆಯಾಗುವಷ್ಟರಲ್ಲಿ ಗಂಟೆ ಬಾರಿಸುತ್ತದೆ, ಯಂತ್ರ ಆಫ್ ಆಗುತ್ತದೆ, ಬಾಕಿ ಹಾಗೇ ಉಳಿಯುತ್ತದೆ, ಮುಂದಿನ ವಾರ ಅದೇ ಕತೆ. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲದ ಪರಿಹಾರವಿದೆ. ರಜೆ ಮುಗಿದು ಶಾಲೆ ತೆರೆಯುವ ಮುನ್ನ ಒಂದಿಡೀ ದಿನ, ಆಮೇಲೆ ತಿಂಗಳಿಗೊಂದು ಶನಿವಾರ ಮಧ್ಯಾಹ್ನ, ಎಲ್ಲ ಯಂತ್ರಗಳನ್ನೂ ಆನ್ ಮಾಡಿ ಅವುಗಳ ಪಾಡಿಗೆ ಬಿಡಿ. ಕೊನೆಯಲ್ಲಿ ರಿಸ್ಟಾರ್ಟ್ ಮಾಡಿ. ಇಲ್ಲಿ ರಿಸ್ಟಾರ್ಟ್ ಎಂದೇ ಹೇಳುತ್ತಿದ್ದೇನೆ. ವಿಂಡೋಸ್ 8ರಿಂದೀಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡು ಇರುವ ಯಂತ್ರಗಳಲ್ಲಿ ಶಟ್‌ಡೌನ್ ಮಾಡಿದರೂ ವ್ಯವಸ್ಥೆಯ ಒಳಭಾಗ ಪೂರ್ತಿ ಮುಚ್ಚುವುದಿಲ್ಲ, ಹಳೆಯ ತೊಡಕುಗಳ ಸಮೇತ ಡಿಸ್ಕಿನಲ್ಲಿ ಉಳಿದು ಮರುದಿನ ಹಾಗೇ ವಾಪಸು ಬರುತ್ತದೆ. ರಿಸ್ಟಾರ್ಟ್ ಕೊಟ್ಟರೆ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ.

ಖರ್ಚಿನ ಪರಿಹಾರಕ್ಕೆ ಬರೋಣ. ಹಳೆಯ ಡೆಸ್ಕ್‌ಟಾಪುಗಳಲ್ಲಿ ಹಾರ್ಡ್ ಡಿಸ್ಕಿಗೆ ಇರುವ ಸಾಟಾ ಕೇಬಲ್ಲಿಗೇ ಎರಡೂವರೆ ಇಂಚಿನ ಎಸ್‌ಎಸ್‌ಡಿ ಕೂರುತ್ತದೆ. ಬೇರೆ ಕಾರ್ಡ್ ಆಗಲಿ ಬದಲಾವಣೆಯಾಗಲಿ ಬೇಡ. ಲ್ಯಾಬಿಗೆ 240 ಅಥವಾ 256 ಜಿಬಿಯದು ಧಾರಾಳವಾಯಿತು. ಬೆಲೆ ಏರಿಳಿಯುತ್ತಿರುತ್ತದೆ, ಆದರೂ ಹೊಸ ಕಂಪ್ಯೂಟರಿನ ಬೆಲೆಯ ಮುಂದೆ ಅದು ಚಿಕ್ಕ ಪಾಲು. ಹಳೆಯ ಹಾರ್ಡ್ ಡಿಸ್ಕ್ ಆರೋಗ್ಯವಾಗಿದ್ದರೆ ಅದನ್ನು ಎಸೆಯಬೇಕಾಗಿಲ್ಲ, ಎರಡನೆಯ ಡಿಸ್ಕಾಗಿ ಮಕ್ಕಳ ಕೆಲಸ, ವಿಡಿಯೊ ಪಾಠಗಳನ್ನು ಇಡಲು ಬಳಸಬಹುದು. ಎಸ್‌ಎಸ್‌ಡಿ ಬೇಗ ಸವೆದುಹೋಗುತ್ತದೆ ಎಂಬ ಭಯ ಹಲವರಲ್ಲಿದೆ. ಅದಕ್ಕೆ ಬರೆಯುವ ಮಿತಿ ಇರುವುದು ನಿಜ. ಆದರೆ 240 ಜಿಬಿಯ ಸಾಧಾರಣ ಎಸ್‌ಎಸ್‌ಡಿಗೆ ತಯಾರಕರು ಕೊಡುವ ಭರವಸೆ 80 ಟೆರಾಬೈಟಿನ ಆಸುಪಾಸಿನದು. ದಿನಕ್ಕೆ 20 ಜಿಬಿ ಬರೆದರೂ ವರ್ಷಕ್ಕೆ ಏಳು ಟೆರಾಬೈಟ್ ಚಿಲ್ಲರೆ, ಹತ್ತು ವರ್ಷ ದಾಟುತ್ತದೆ. ಶಾಲೆಯ ಲ್ಯಾಬು ಅಷ್ಟು ಬರೆಯುವುದೇ ಇಲ್ಲ. ಇನ್ನೊಂದು ಮಾತು: ಡಿಸ್ಕ್ ಬದಲಿಸುವ ಮುನ್ನ ಹಳೆಯದರ ಸ್ಥಿತಿಯನ್ನು ನೋಡಿಸಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶ ಡಿಸ್ಕಿನ ಹಾಳಾದ ಭಾಗಗಳ ಲೆಕ್ಕ ಕೊಡುತ್ತದೆ. ಕೆಟ್ಟ ಜಾಗ ಎದುರಾದಾಗ ಡಿಸ್ಕು ಅದನ್ನೇ ಮತ್ತೆ ಮತ್ತೆ ಓದಲು ಯತ್ನಿಸುತ್ತದೆ, ಆ ಸೆಕೆಂಡುಗಳಷ್ಟೂ ಹೊತ್ತು ಪರದೆ ಹ್ಯಾಂಗ್ ಆಗುತ್ತದೆ. ಒಳಗಿನಿಂದ ಟಕ್ ಟಕ್ ಸದ್ದು ಕೇಳಿಸುತ್ತಿದ್ದರೆ ಮೊದಲು ಫಲಿತಾಂಶ, ದಾಖಲಾತಿ, ಫೋಟೊಗಳ ಪ್ರತಿಯನ್ನು ಬೇರೆ ಕಡೆ ತೆಗೆದಿಡಿ, ವೇಗದ ಮಾತು ಆಮೇಲೆ.

ರ‍್ಯಾಮ್ ಎರಡನೆಯದು. ರ‍್ಯಾಮ್ ಅಡುಗೆ ಕಟ್ಟೆ ಇದ್ದಂತೆ, ಡಿಸ್ಕು ಅಟ್ಟ ಇದ್ದಂತೆ. ಕಟ್ಟೆ ಕಿರಿದಾಗಿದ್ದರೆ ಪ್ರತಿ ಡಬ್ಬಿಗೂ ಅಟ್ಟ ಹತ್ತಿಳಿಯಬೇಕಾಗುತ್ತದೆ. ರ‍್ಯಾಮ್ ಸಾಲದಾದಾಗ ವಿಂಡೋಸ್ ಸದ್ಯ ಬಳಸದ ಭಾಗಗಳನ್ನು ಡಿಸ್ಕಿಗೆ ಇಳಿಸಿ ಬೇಕಾದಾಗ ಮತ್ತೆ ಎತ್ತಿಕೊಳ್ಳುತ್ತದೆ. ಆ ಡಿಸ್ಕು ಹಾರ್ಡ್ ಡಿಸ್ಕಾಗಿದ್ದರೆ ನಿಧಾನ ಇಮ್ಮಡಿಯಾಗುತ್ತದೆ. ಇಂದಿನ ಬ್ರೌಸರಿನಲ್ಲಿ ನಾಲ್ಕೈದು ಟ್ಯಾಬ್ ತೆರೆದರೆ 2 ಜಿಬಿ ಮುಗಿದೇಹೋಗುತ್ತದೆ, 4 ಜಿಬಿ ಏದುಸಿರು ಬಿಡುತ್ತದೆ, 8 ಜಿಬಿಯಿದ್ದರೆ ಲ್ಯಾಬಿನ ಯಾವ ಕೆಲಸಕ್ಕೂ ಅಡ್ಡಿಯಿಲ್ಲ. ಕೊಳ್ಳುವ ಮುನ್ನ ಎರಡು ಸಂಗತಿ ಖಾತರಿ ಮಾಡಿಕೊಳ್ಳಬೇಕು. ಒಂದು, ಯಂತ್ರದಲ್ಲಿರುವುದು ಡಿಡಿಆರ್3 ರ‍್ಯಾಮೋ ಡಿಡಿಆರ್4 ರ‍್ಯಾಮೋ. ಎರಡರ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದು ಇನ್ನೊಂದರ ಜಾಗದಲ್ಲಿ ಕೂರುವುದಿಲ್ಲ. ಇನ್ನೊಂದು, ಹಾಕಿರುವ ವಿಂಡೋಸ್ 32 ಬಿಟ್‌ದೋ 64 ಬಿಟ್‌ದೋ. 32 ಬಿಟ್ ಆಗಿದ್ದರೆ 8 ಜಿಬಿ ಹಾಕಿದರೂ ಅದು ನಾಲ್ಕಕ್ಕಿಂತ ಹೆಚ್ಚು ಬಳಸುವುದಿಲ್ಲ, ಹಣ ದಂಡ.

ದುಡ್ಡು ಬೇಡದ ಕೆಲಸಗಳಲ್ಲಿ ಮೊದಲನೆಯದು ಕ್ಯಾಬಿನೆಟ್ಟಿನ ಧೂಳು ತೆಗೆಯುವುದು. ನಮ್ಮ ಶಾಲೆಗಳ ಮಟ್ಟಿಗೆ ಇದನ್ನು ಸಣ್ಣ ವಿಷಯ ಎಂದು ತಳ್ಳುವಂತಿಲ್ಲ. ಸೀಮೆಸುಣ್ಣದ ಪುಡಿ, ಆಟದ ಮೈದಾನದ ಕೆಮ್ಮಣ್ಣು, ಕಿಟಕಿಯಾಚೆ ಮಣ್ಣಿನ ರಸ್ತೆ. ಫ್ಯಾನು ಗಾಳಿಯ ಜೊತೆ ಇದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ, ಪ್ರೊಸೆಸರಿನ ಮೇಲಿರುವ ಅಲ್ಯೂಮಿನಿಯಂ ರೆಕ್ಕೆಗಳ ಸಂದಿಯಲ್ಲಿ ಅದು ಕಂಬಳಿಯಂತೆ ಕಟ್ಟಿಕೊಳ್ಳುತ್ತದೆ. ಶಾಖ ಹೊರಹೋಗದೆ ಉಷ್ಣತೆ ನೂರು ಡಿಗ್ರಿಯ ಹತ್ತಿರಕ್ಕೆ ಬಂದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಯಂತ್ರ ಮಧ್ಯಾಹ್ನ ತೆವಳುತ್ತದೆ, ಫ್ಯಾನಿನ ಸದ್ದು ಜೋರಾಗಿದೆ ಎಂದರೆ ಅನುಮಾನ ಇಲ್ಲಿಗೇ ಹೋಗಬೇಕು. ಪ್ಲಗ್ ಕಿತ್ತು, ಪಕ್ಕದ ತಗಡು ಬಿಚ್ಚಿ, ಮೆತ್ತನೆಯ ಬ್ರಶ್ಶಿನಿಂದ ಅಥವಾ ಬ್ಲೋವರಿನಿಂದ ಧೂಳು ತೆಗೆಯಿರಿ. ಗಾಳಿ ಊದುವಾಗ ಫ್ಯಾನು ಗಿರಗಿರ ತಿರುಗದಂತೆ ಬೆರಳಿನಲ್ಲಿ ಹಿಡಿದುಕೊಳ್ಳಿ. ಏಳೆಂಟು ವರ್ಷದ ಯಂತ್ರವಾದರೆ ಪ್ರೊಸೆಸರಿಗೂ ಆ ರೆಕ್ಕೆಗಳಿಗೂ ನಡುವಿನ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿರುತ್ತದೆ, ಹೊಸದನ್ನು ಹಚ್ಚಿಸಬೇಕು. ಉಳಿದವು ಕೂತಲ್ಲೇ ಮುಗಿಯುವಂಥವು. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪುಟದಲ್ಲಿ, ಯಂತ್ರ ಶುರುವಾಗುತ್ತಲೇ ತಾವೂ ಏಳುವ ಪ್ರೋಗ್ರಾಮುಗಳ ಪಟ್ಟಿಯಿದೆ. ಬೇಡವಾದದ್ದನ್ನು ಡಿಸೇಬಲ್ ಮಾಡಿ. ಎರಡು ಆಂಟಿವೈರಸ್ ಇದ್ದರೆ ಪ್ರತಿ ಫೈಲನ್ನೂ ಎರಡೆರಡು ಬಾರಿ ಜಾಲಾಡುತ್ತವೆ, ಒಂದನ್ನು ತೆಗೆಯಿರಿ. ವಿಂಡೋಸ್ 8ರಿಂದ ಡಿಫೆಂಡರ್ ಒಳಗೇ ಇದೆ. ಸಿ ಡ್ರೈವಿನಲ್ಲಿ ಶೇಕಡಾ ಹತ್ತು ಹದಿನೈದಾದರೂ ಜಾಗ ಖಾಲಿಯಿರಲಿ.

ಪ್ರಯೋಜನವಿಲ್ಲದ, ಕೆಲವೊಮ್ಮೆ ಹಾನಿಯನ್ನೇ ಮಾಡುವ ಉಪಚಾರಗಳೂ ನಮ್ಮಲ್ಲಿ ಬೇರೂರಿವೆ. ಡೆಸ್ಕ್‌ಟಾಪಿನ ಮೇಲೆ ಬಲಗುಂಡಿ ಒತ್ತಿ ರಿಫ್ರೆಶ್ ರಿಫ್ರೆಶ್ ಎಂದು ಹೊಡೆಯುವ ಅಭ್ಯಾಸವನ್ನು ಮಕ್ಕಳಿಗೆ ಮೊದಲ ಪಾಠವೆಂಬಂತೆ ಕಲಿಸಲಾಗುತ್ತದೆ. ಅದು ಪರದೆಯ ಮೇಲಿನ ಐಕಾನುಗಳನ್ನು ಮತ್ತೊಮ್ಮೆ ಬಿಡಿಸುತ್ತದೆ, ಅಷ್ಟೆ. ರ‍್ಯಾಮಿಗೂ ವೇಗಕ್ಕೂ ಅದರಿಂದ ಏನೂ ಆಗದು. ‘ಪಿಸಿ ಬೂಸ್ಟರ್’, ‘ರಿಜಿಸ್ಟ್ರಿ ಕ್ಲೀನರ್’ ಎಂಬ ಹೆಸರಿನ ತಂತ್ರಾಂಶಗಳು ಇನ್ನೂ ಕೆಟ್ಟವು. ರಿಜಿಸ್ಟ್ರಿ ಶುಚಿಗೊಳಿಸುವ ತಂತ್ರಾಂಶಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ಕಂಪನಿಯೇ ಹೇಳಿದೆ. ಅವು ಸಾವಿರಾರು ‘ದೋಷ’ಗಳನ್ನು ತೋರಿಸಿ ಹೆದರಿಸುತ್ತವೆ, ಹಿನ್ನೆಲೆಯಲ್ಲಿ ತಾವೇ ಒಂದು ಹೊರೆಯಾಗಿ ಕೂರುತ್ತವೆ. ಹಾರ್ಡ್ ಡಿಸ್ಕಿಗೆ ಡಿಫ್ರಾಗ್, ಅಂದರೆ ಚದುರಿದ ತುಣುಕುಗಳನ್ನು ಒಟ್ಟುಗೂಡಿಸುವ ಕೆಲಸ, ಮಾಡುವುದರಿಂದ ಸ್ವಲ್ಪ ಉಪಯೋಗವಿದೆ, ವಿಂಡೋಸ್ ಅದನ್ನು ತಾನಾಗಿಯೇ ವಾರಕ್ಕೊಮ್ಮೆ ಮಾಡುತ್ತದೆ. ಎಸ್‌ಎಸ್‌ಡಿಗೆ ಬೇರೆ ತಂತ್ರಾಂಶ ಹಾಕಿ ಡಿಫ್ರಾಗ್ ಮಾಡಿಸಬೇಡಿ, ಅದು ವ್ಯರ್ಥ ಬರಹ.

ಹೆಚ್ಚು ಗಂಭೀರವಾಗಿ ಉತ್ತರಿಸಬೇಕಾದ ಆಕ್ಷೇಪ ಫಾರ್ಮ್ಯಾಟ್‌ನದು. ‘ಫಾರ್ಮ್ಯಾಟ್ ಹೊಡೆಸಿದರೆ ಸರಿಹೋಗುತ್ತದಲ್ಲ, ಎಸ್‌ಎಸ್‌ಡಿ ಯಾಕೆ?’ ಫಾರ್ಮ್ಯಾಟ್ ಮಾಡಿಸಿದ ವಾರ ಯಂತ್ರ ಹಗುರಾಗುವುದು ನಿಜ. ಸ್ಟಾರ್ಟಪ್ಪಿನ ಕಸ, ಎರಡನೆಯ ಆಂಟಿವೈರಸ್, ತುಂಬಿದ ಸಿ ಡ್ರೈವ್ ಎಲ್ಲವೂ ಒಟ್ಟಿಗೆ ಹೋಗುವುದರಿಂದ ಆ ಗುಣ ಕಾಣುತ್ತದೆ. ಹಾಗೆ ಹೋಗುವುದೆಲ್ಲ ಫಾರ್ಮ್ಯಾಟ್ ಇಲ್ಲದೆಯೂ ತೆಗೆಯಬಹುದಾದದ್ದೇ. ಡಿಸ್ಕಿನ ತಟ್ಟೆ ಮಾತ್ರ ಮೊದಲಿನಷ್ಟೇ ವೇಗದಲ್ಲಿ ತಿರುಗುತ್ತಿರುತ್ತದೆ, ಅಪ್‌ಡೇಟುಗಳೆಲ್ಲ ಮತ್ತೆ ಮೊದಲಿನಿಂದ ಇಳಿಯಬೇಕಾಗುತ್ತದೆ, ಕೆಲವೇ ತಿಂಗಳಲ್ಲಿ ನಿಂತ ನೀರು ನಿಂತಲ್ಲೇ. ಜೊತೆಗೆ ಎರಡು ಅಪಾಯಗಳಿವೆ. ಶಿಕ್ಷಕರು ವರ್ಷಗಟ್ಟಲೆ ಕೂಡಿಟ್ಟ ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಪಾಠಯೋಜನೆಗಳು ಪ್ರತಿ ತೆಗೆಯದೆಯೇ ಅಳಿಸಿಹೋಗುತ್ತವೆ. ಇನ್ನೊಂದು, ಅಗ್ಗಕ್ಕೆ ಹಾಕಿಸಿದ ವಿಂಡೋಸ್ ಹೆಚ್ಚಾಗಿ ನಕಲಿಯಾಗಿರುತ್ತದೆ. ಅದನ್ನು ‘ಆ್ಯಕ್ಟಿವೇಟ್’ ಮಾಡಲು ಬಳಸುವ ಉಪಕರಣವನ್ನು ಓಡಿಸುವ ಮೊದಲು ಆಂಟಿವೈರಸ್ ಆಫ್ ಮಾಡಿ ಎಂದು ಹೇಳಲಾಗುತ್ತದೆ. ಹಾಗೆ ತೆರೆದ ಬಾಗಿಲಿನಿಂದ ಏನೇನು ಒಳಗೆ ಬಂತೆಂದು ಯಾರಿಗೂ ಗೊತ್ತಿರುವುದಿಲ್ಲ. ಯಾರೋ ಅಪರಿಚಿತರಿಗಾಗಿ ಕ್ರಿಪ್ಟೊ ನಾಣ್ಯದ ಲೆಕ್ಕ ಮಾಡುತ್ತಾ ಪ್ರೊಸೆಸರನ್ನು ದುಡಿಸುವ ಕುತಂತ್ರಾಂಶಗಳು ಹರಡುವ ದಾರಿಗಳಲ್ಲಿ ಇದೂ ಒಂದು. ಟಾಸ್ಕ್ ಮ್ಯಾನೇಜರಿನಲ್ಲಿ ಏನೂ ತೆರೆಯದಿದ್ದರೂ ಸಿಪಿಯು ಸದಾ ಎತ್ತರದಲ್ಲೇ ಇದ್ದರೆ ಈ ಶಂಕೆ ಬರಬೇಕು. ಪೆನ್‌ಡ್ರೈವ್ ಹಾಕಿದಾಗ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣುವ ವೈರಸ್ ಕೂಡ ಲ್ಯಾಬಿನಿಂದ ಲ್ಯಾಬಿಗೆ, ಲ್ಯಾಬಿನಿಂದ ಜೆರಾಕ್ಸ್ ಅಂಗಡಿಗೆ ಸಾಗುತ್ತಿರುತ್ತದೆ.

ನಿಧಾನದ ದೂರುಗಳಲ್ಲಿ ಒಂದು ಪಾಲು ಯಂತ್ರಕ್ಕೆ ಸಂಬಂಧಿಸಿದ್ದೇ ಅಲ್ಲ. ಎಸ್‌ಎಟಿಎಸ್, ಯುಡೈಸ್‌ನಂಥ ಸರ್ಕಾರಿ ಪೋರ್ಟಲುಗಳಲ್ಲಿ ಮಾಹಿತಿ ತುಂಬುವ ಕೊನೆಯ ದಿನಗಳಲ್ಲಿ ಎಲ್ಲ ಶಾಲೆಗಳೂ ಒಟ್ಟಿಗೆ ಕೂತಾಗ ಸರ್ವರ್ ತಡಮಾಡುತ್ತದೆ, ಬೈಗುಳ ಎದುರಿಗಿರುವ ಕಂಪ್ಯೂಟರಿಗೆ. ಪರೀಕ್ಷಿಸುವುದು ಸುಲಭ. ಇಂಟರ್‌ನೆಟ್ ಬೇಡದ ಕೆಲಸವೊಂದನ್ನು, ನೋಟ್‌ಪ್ಯಾಡ್ ತೆರೆಯುವುದು, ಫೋಲ್ಡರ್ ನಕಲು ಮಾಡುವುದು ಇಂಥದ್ದನ್ನು, ಮಾಡಿ ನೋಡಿ. ಅದು ಸರಾಗವಾಗಿ ಆದರೆ ತಡೆ ಹೊರಗಿದೆ. ದಿನಾಂಕ ತಪ್ಪಾಗಿ ಹಳೆಯ ಇಸವಿ ತೋರಿಸುತ್ತಿದ್ದರೆ ಹೆಚ್ಚಿನ ವೆಬ್‌ಸೈಟುಗಳು ತೆರೆಯುವುದಿಲ್ಲ. ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ಬದಲಿಸಿ ದಿನಾಂಕ ಸರಿಪಡಿಸಿದರೆ ಅದು ಮುಗಿಯಿತು. ಕೆಲವು ಲ್ಯಾಬುಗಳಲ್ಲಿ ಒಂದೇ ಕ್ಯಾಬಿನೆಟ್ಟಿಗೆ ನಾಲ್ಕಾರು ಮಾನಿಟರ್ ಜೋಡಿಸಿದ ಏರ್ಪಾಡಿದೆ. ಅಲ್ಲಿ ಒಂದು ಯಂತ್ರದ ಡಿಸ್ಕನ್ನೂ ರ‍್ಯಾಮನ್ನೂ ಆರು ಮಕ್ಕಳು ಹಂಚಿಕೊಳ್ಳುತ್ತಿರುತ್ತಾರೆ, ಎಲ್ಲರದೂ ಒಟ್ಟಿಗೆ ನಿಲ್ಲುವುದು ಸಹಜ. ಒಂದೇ ಒಂದು ಎಸ್‌ಎಸ್‌ಡಿಯ ಲಾಭ ಆರು ಮಕ್ಕಳಿಗೆ ಸಿಗುವುದೂ ಅಲ್ಲೇ.

ಈಗ ಅತ್ಯಂತ ಬಲವಾದ ಆಕ್ಷೇಪ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು, ಇಂಟೆಲ್ ಆದರೆ ಬಹುಮಟ್ಟಿಗೆ 2017ರ ಎಂಟನೆಯ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು. ನಮ್ಮ ಹಳೆಯ ಲ್ಯಾಬುಗಳ ಯಂತ್ರಗಳು ಈ ಗೆರೆಯ ಆಚೆ ಉಳಿದಿವೆ. ಭದ್ರತಾ ಅಪ್‌ಡೇಟ್ ಬರದ ಯಂತ್ರಕ್ಕೆ ಖರ್ಚು ಮಾಡುವುದು ಜಾಣತನವೇ? ವಿಂಡೋಸ್ ಒಂದೇ ದಾರಿ ಎಂದಾದರೆ ಈ ಆಕ್ಷೇಪ ಸರಿ. ಹಣ ಕೊಟ್ಟು ಭದ್ರತಾ ಅಪ್‌ಡೇಟನ್ನು ಕೆಲ ಕಾಲ ಮುಂದುವರಿಸಿಕೊಳ್ಳುವ ವ್ಯವಸ್ಥೆ ಇದೆಯಾದರೂ ಅದು ಮುಂದೂಡಿಕೆ ಮಾತ್ರ. ಆದರೆ ಮಕ್ಕಳು ಲ್ಯಾಬಿನಲ್ಲಿ ಕಲಿಯುವುದು ಟೈಪಿಂಗ್, ಬರಹ ಮತ್ತು ಲೆಕ್ಕದ ಹಾಳೆ, ಚಿತ್ರ, ಸ್ಕ್ರ್ಯಾಚ್, ಒಂದಿಷ್ಟು ಪೈಥಾನ್, ಇಂಟರ್‌ನೆಟ್ ಹುಡುಕಾಟ. ಇವೆಲ್ಲವೂ ವಿಂಡೋಸ್ ಬದಲಿಗೆ ಹಾಕಬಹುದಾದ ಲಿನಕ್ಸ್‌ನಲ್ಲಿ ಉಚಿತವಾಗಿ, ಕಾನೂನುಬದ್ಧವಾಗಿ, ಭದ್ರತಾ ಅಪ್‌ಡೇಟ್ ಸಮೇತ ಸಿಗುತ್ತವೆ. ಅದರ ಒಂದು ಆವೃತ್ತಿಯಾದ ಲಿನಕ್ಸ್ ಮಿಂಟ್‌ಗೆ ಕನಿಷ್ಠ 2 ಜಿಬಿ ರ‍್ಯಾಮ್, ಆರಾಮವಾಗಿ ಓಡಲು 4 ಜಿಬಿ ಸಾಕೆಂದು ಅದನ್ನು ರೂಪಿಸಿದವರೇ ಹೇಳುತ್ತಾರೆ.

‘ಅದೆಲ್ಲ ಎಂಜಿನಿಯರುಗಳಿಗೆ, ಶಾಲೆಗಲ್ಲ’ ಎನ್ನುವವರಿಗೆ ಉತ್ತರ ಪಕ್ಕದ ರಾಜ್ಯದಲ್ಲೇ ಇದೆ. ಕೇರಳ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಆರಂಭಿಸಿ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ ರೂಪಿಸಿದ ಯೋಜನೆ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಲಿನಕ್ಸ್ ಮೇಲೆಯೇ ನಡೆದಿದೆ. ಉಬುಂಟು ಲಿನಕ್ಸ್ ಆಧಾರದ ತನ್ನದೇ ಆವೃತ್ತಿಯನ್ನು ಅದು ಶಾಲೆಗಳಿಗೆ ಕೊಡುತ್ತದೆ, ಶಿಕ್ಷಕರಿಗೆ ತರಬೇತಿ ನೀಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಐಸಿಟಿ ಪಾಠವನ್ನು ಕನ್ನಡ ಪಠ್ಯಪುಸ್ತಕದಲ್ಲಿ ಓದಿ ಲಿನಕ್ಸ್ ಯಂತ್ರದ ಮೇಲೆ ಕಲಿಯುತ್ತಾರೆ. ಕನ್ನಡ ಬರಹದ ತೊಂದರೆ ಎದುರಾಗುತ್ತದೆಂಬ ಅಳುಕಿಗೆ ಅರ್ಧ ಆಧಾರವಿದೆ. ಕನ್ನಡ ಬರೆಯಲು ಬಳಸುವ ನುಡಿ ತಂತ್ರಾಂಶ ವಿಂಡೋಸಿಗಾಗಿ ಮಾಡಿದ್ದು. ಹಳೆಯ ನುಡಿ ಅಕ್ಷರಗಳಲ್ಲಿರುವ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕಾಗುತ್ತದೆ. ಆ ಕೆಲಸ ವಿಂಡೋಸಿನಲ್ಲೇ ಉಳಿದರೂ ಎಂದಾದರೂ ಮಾಡಲೇಬೇಕಾದದ್ದು. ಟೈಪ್ ಮಾಡುವ ಕೈಗೆ ಮಾತ್ರ ಹೊಸದೇನೂ ಇಲ್ಲ. ಕೆ.ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತು ಬಳಕೆಗೆ ತಂದ ಅದೇ ಕೀಲಿಮಣೆ ವಿನ್ಯಾಸ ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ಕಗಪ ಎಂಬ ಹೆಸರಿನಲ್ಲಿ ಸಿದ್ಧವಾಗಿದೆ. ಕಚೇರಿ ಕೆಲಸದ ಒಂದು ಯಂತ್ರವನ್ನು ವಿಂಡೋಸ್ 11ಕ್ಕೆ ಇಟ್ಟುಕೊಂಡು ಲ್ಯಾಬಿನ ಮಿಕ್ಕವನ್ನು ಲಿನಕ್ಸಿಗೆ ತಂದರೆ ಎರಡೂ ಕಡೆ ತೊಡಕಿಲ್ಲ. ಹೊಸದನ್ನು ಕಲಿಯಲು ಶಿಕ್ಷಕರಿಗೆ ಸ್ವಲ್ಪ ಸಮಯ, ಒಂದೆರಡು ದಿನದ ತರಬೇತಿ ಬೇಕು. ಅದನ್ನು ಕೇಳಿ ಪಡೆಯುವ ಹಕ್ಕು ಅವರಿಗಿದೆ.

ಹಣ ಎಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದದ್ದು. ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಂತೆ ಸಂಯುಕ್ತ ಶಾಲಾ ಅನುದಾನ ಮಕ್ಕಳ ಸಂಖ್ಯೆಗೆ ತಕ್ಕಂತೆ ವರ್ಷಕ್ಕೆ 10,000 ರೂಪಾಯಿಯಿಂದ 1 ಲಕ್ಷದವರೆಗೆ ಇದೆ, ಕೆಟ್ಟ ಉಪಕರಣಗಳ ಬದಲಾವಣೆಯೂ ಅದರ ಉದ್ದೇಶಗಳಲ್ಲಿ ಸೇರಿದೆ. ಆ ಹಣಕ್ಕೆ ನೂರೆಂಟು ಕೈಗಳು ಚಾಚಿರುತ್ತವೆ ಎಂಬುದು ಗೊತ್ತಿರುವುದೇ. ಅದಕ್ಕೇ ಇಡೀ ಲ್ಯಾಬಿಗೆ ಒಮ್ಮೆಗೇ ಮಾಡಿಸಿ ಎನ್ನುತ್ತಿಲ್ಲ. ಹಳೆಯ ವಿದ್ಯಾರ್ಥಿಗಳು ಶಾಲೆಗೆ ಏನಾದರೂ ಕೊಡುತ್ತೇವೆ ಎಂದು ಬಂದಾಗ ಒಂದು ಹೊಸ ಕಂಪ್ಯೂಟರ್ ಕೇಳುವ ಬದಲು ಅದೇ ಮೊತ್ತದಲ್ಲಿ ಹಲವು ಯಂತ್ರಗಳಿಗಾಗುವಷ್ಟು ಎಸ್‌ಎಸ್‌ಡಿ, ರ‍್ಯಾಮ್ ಕೇಳಬಹುದು. ಉದ್ಘಾಟನೆಯ ಫೋಟೊಗೆ ಅದು ಅಷ್ಟು ಚೆಂದ ಕಾಣದಿರಬಹುದು. ಕೂರುವ ಮಕ್ಕಳಿಗೆ ಹಲವು ಕುರ್ಚಿ ಸಿಗುತ್ತವೆ. ವಾರಂಟಿಯೋ ನಿರ್ವಹಣಾ ಕರಾರೋ ಇರುವ ಯಂತ್ರವನ್ನು ಮಾತ್ರ ನೀವೇ ಬಿಚ್ಚಬೇಡಿ. ಕರಾರಿನವರಿಗೆ ‘ಕಂಪ್ಯೂಟರ್ ಸ್ಲೋ’ ಎಂದಷ್ಟೇ ಬರೆಯದೆ, ‘ಡಿಸ್ಕ್ ಬಳಕೆ 100ರಲ್ಲಿ ನಿಲ್ಲುತ್ತದೆ, ಡಿಸ್ಕ್ ಪರೀಕ್ಷೆ ಮಾಡಿ ವರದಿ ಕೊಡಿ’ ಎಂದು ಬರೆದು ಕಳಿಸಿ. ನಿಖರವಾದ ದೂರಿಗೆ ಫಾರ್ಮ್ಯಾಟ್ ಹೊಡೆದು ಹೋಗುವ ಉತ್ತರ ಸಾಲದು ಎಂಬುದು ಅವರಿಗೂ ತಿಳಿಯುತ್ತದೆ.

ಎಲ್ಲ ಯಂತ್ರವನ್ನೂ ಉಳಿಸಬೇಕೆಂಬ ಹಟ ನನಗಿಲ್ಲ. ಮದರ್‌ಬೋರ್ಡಿನ ಕೆಪಾಸಿಟರುಗಳು ಉಬ್ಬಿ ಸೋರುತ್ತಿದ್ದರೆ, 2 ಜಿಬಿಗಿಂತ ಹೆಚ್ಚು ರ‍್ಯಾಮ್ ಒಪ್ಪದ ಬೋರ್ಡಾದರೆ, ಪವರ್ ಸಪ್ಲೈ ಪದೇ ಪದೇ ಸುಡುತ್ತಿದ್ದರೆ ಅದಕ್ಕೆ ದುಡ್ಡು ಸುರಿಯುವುದು ತಪ್ಪು. ಅಂಥವನ್ನು ವಿಲೇವಾರಿ ಮಾಡುವಾಗಲೂ ತೂಕಕ್ಕೆ ಹಾಕಿ ಗುಜರಿಯವರಿಗೆ ಕೊಡಬೇಡಿ. ಇ-ತ್ಯಾಜ್ಯದ ನೋಂದಾಯಿತ ಮರುಬಳಕೆದಾರರಿಗೇ ತಲುಪಿಸಿ, ಹಾರ್ಡ್ ಡಿಸ್ಕಿನಲ್ಲಿರುವ ಮಕ್ಕಳ ವಿವರಗಳನ್ನು ಅಳಿಸಿ. ಅವುಗಳ ಒಳ್ಳೆಯ ರ‍್ಯಾಮ್, ಕೀಬೋರ್ಡ್, ಮಾನಿಟರ್‌ಗಳನ್ನು ಉಳಿಸಿಕೊಂಡರೆ ಪಕ್ಕದ ಯಂತ್ರಕ್ಕೆ ಆದೀತು. ‘ನಿರುಪಯುಕ್ತ’ ಎಂಬ ಷರಾಕ್ಕೆ ಇಂಥ ಒಂದು ಕಾರಣ ಇರಲಿ, ಅದನ್ನು ವಹಿಯಲ್ಲಿ ಬರೆದಿರಲಿ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಸಮಿತಿಯ ಮುಂದಿನ ಸಭೆಯಲ್ಲಿ ಒಂದು ಸಣ್ಣ ಠರಾವು ಮಾಡಿ: ಲ್ಯಾಬಿನಲ್ಲಿ ಅತ್ಯಂತ ನಿಧಾನವೆನಿಸಿದ ಒಂದೇ ಒಂದು ಯಂತ್ರವನ್ನು ಆರಿಸಿ, ಸ್ವಿಚ್ ಹಾಕಿದ ಕ್ಷಣದಿಂದ ಬ್ರೌಸರ್ ತೆರೆಯುವವರೆಗೆ ಎಷ್ಟು ನಿಮಿಷವಾಗುತ್ತದೆಂದು ಒಂಬತ್ತನೇ ತರಗತಿಯ ಮಕ್ಕಳಿಂದಲೇ ಅಳೆಸಿ ಬರೆದಿಡಿ. ಧೂಳು ತೆಗೆಸಿ, ಸ್ಟಾರ್ಟಪ್ ಹಗುರ ಮಾಡಿ ಮತ್ತೆ ಅಳೆಯಿರಿ. ಆಮೇಲೆ ಎಸ್‌ಎಸ್‌ಡಿ ಹಾಕಿಸಿ ಮೂರನೆಯ ಸಲ ಅಳೆಯಿರಿ. ಮೂರು ಅಂಕಿಗಳನ್ನೂ ಸಭೆಯ ನಡಾವಳಿಯಲ್ಲಿ ದಾಖಲಿಸಿ, ಮಿಕ್ಕ ಯಂತ್ರಗಳನ್ನು ಏನು ಮಾಡಬೇಕೆಂದು ಅದಾದ ನಂತರವೇ ತೀರ್ಮಾನಿಸಿ.